ಮಂಡಿನೋವಿನ ಕವಚದಲ್ಲಿ ಗುಡುಗು

"ಯಾರು ಬೇಕಾದರೂ ಬರಲಿ, ಯಾವ ಕಾಯಿಲೆ ಬೇಕಾದರೂ ತರಲಿ, ಅವರ ಕಿವಿಗೆ ತಕ್ಕ ತಟ್ಟೆ ಹೇಳದೆ ಒಬ್ಬರನ್ನೂ ಈ ಅಂಗಡಿಯಿಂದ ಕಳಿಸೋದಿಲ್ಲ! ಇದು ನನ್ನ ಶಪಥ!"

ಆ ಶನಿವಾರ ಬೆಳಿಗ್ಗೆ ಔಷಧದಂಗಡಿಯಲ್ಲಿ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹೀಗೆ ಗುಡುಗಿದವರು ತಟ್ಟೆ ಪಂಡಿತರು. ತಟ್ಟೆ ಎಂದರೆ ಊಟದ ತಟ್ಟೆಯಲ್ಲ. ತಿರುಗಿಸಿ ಮುಳ್ಳು ಇಟ್ಟರೆ ಹಾಡುತ್ತದಲ್ಲ, ಆ ಕರಿಯ ಗ್ರಾಮಫೋನ್ ತಟ್ಟೆ. ವೃತ್ತಿಯಲ್ಲಿ ಅವರು ಮಾತ್ರೆ ಎಣಿಸಿ ಕೊಡುವವರು. ಆದರೆ ಅವರನ್ನು ಕೇಳಿದರೆ, ಮಾತ್ರೆ ಬರೀ ನೆಪ. ಮನುಷ್ಯನನ್ನು ನಿಜವಾಗಿ ಗುಣಪಡಿಸುವುದು ಸರಿಯಾದ ತಟ್ಟೆಯ ಸರಿಯಾದ ಬದಿ.

ಕೆಮ್ಮು ಅಂತ ಯಾರಾದರೂ ಬಂದರೆ ಸಿರಪ್ಪಿನ ಜೊತೆಗೆ ಒಂದು ಚೀಟಿಯೂ ಹೋಗುತ್ತಿತ್ತು: "ಸಿರಪ್ಪು ಎರಡು ಚಮಚ. ಅದರ ಮೇಲೆ ಮೌತ್ ಆರ್ಗನ್ ಮುದುಕನ ಬ್ಲೂಸ್ ತಟ್ಟೆ, ಮೊದಲ ಬದಿ ಮಾತ್ರ. ಎರಡನೇ ಬದಿ ಕೇಳಿದರೆ ಅಳು ಬಂದು ಕಫ ಹೆಚ್ಚುತ್ತದೆ." ನಿದ್ದೆ ಬಾರದವರಿಗೆ ಬೆಸ್ತರ ಹೆಂಗಸರು ಬಲೆ ಹೊಲಿಯುತ್ತಾ ಹಾಡುವ ಗುಂಪುಹಾಡು. ಎದೆಯುರಿಗೆ ಒಂಟಿ ಪಿಯಾನೋ, ಖಾಲಿ ಹೊಟ್ಟೆಯಲ್ಲಿ. ಮಲಬದ್ಧತೆಗೆ ಮೂವತ್ತಾರು ತುತ್ತೂರಿಗಳ ಬ್ಯಾಂಡು! ಈ ಚೀಟಿಗಳನ್ನು ಕೈಯಲ್ಲಿ ಬರೆದರೆ ಯಾರಿಗೂ ಓದಲಾಗುವುದಿಲ್ಲವೆಂದು ಅಂಗಡಿಯ ಲೇಬಲ್ ಮಷೀನಿನಲ್ಲೇ ಅಚ್ಚು ಹಾಕಿ ಕೊಡುತ್ತಿದ್ದರು. ತಮ್ಮ ಮನೆಯ ಒಂದೊಂದು ತಟ್ಟೆಯ ರಟ್ಟಿನ ಕವಚದೊಳಗೂ ಇಂಥದೊಂದು ಚೀಟಿ ಇಟ್ಟಿದ್ದರು. ಯಾರಾದರೂ ಎರವಲು ಒಯ್ದರೆ ತಪ್ಪಾಗಿ ಕೇಳಬಾರದಲ್ಲ!

ಇಷ್ಟೇ ಆಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪಂಡಿತರಿಗೆ ಒಂದು ಚಟವಿತ್ತು. ಅದರ ಹೆಸರು ಮರುಮುದ್ರಣ.

ನಲವತ್ತು ವರ್ಷದ ಹಿಂದಿನ ತಟ್ಟೆಯನ್ನು ಕಂಪನಿಯವರು ಮತ್ತೆ ಅಚ್ಚು ಹಾಕುತ್ತಾರೆ. ಮೂಲ ಟೇಪು ಹುಡುಕಿದೆವು, ಧೂಳು ಒರೆಸಿದೆವು, ಗರಗರ ತೆಗೆದೆವು ಎನ್ನುತ್ತಾರೆ. ಕವಚದ ಮೇಲೆ ಒಂದು ಬಂಗಾರದ ಬಣ್ಣದ ಸ್ಟಿಕ್ಕರ್ ಅಂಟಿಸುತ್ತಾರೆ. ಅಷ್ಟೇ! ಪಂಡಿತರ ಬಾಯಲ್ಲಿ ನೀರು. ಹಳೆಯದು ಮನೆಯಲ್ಲಿದ್ದರೂ ಹೊಸದು ಬಂದೇ ಬರಬೇಕು. ಹೀಗೆ ಬಂದ ಒಂದು ಜೋಡಿ ಹೋದ ವರ್ಷ ಹೆಂಡತಿಯ ಕೈಗೆ ಸಿಕ್ಕಿತು.

ಹೆಂಡತಿಯನ್ನು ಎಲ್ಲರೂ ಕರೆಯುವುದು ಟೀಚರಮ್ಮ ಎಂದು. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟವರು. ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿಲ್ಲ. ಅಂದು ಎರಡೂ ತಟ್ಟೆಗಳನ್ನು ಎರಡು ಕೈಯಲ್ಲಿ ಹಿಡಿದು ಅವರು ನಡೆಸಿದ ವಿಚಾರಣೆ ಹೀಗಿತ್ತು:

"ಇದು ಅದೇ ಅಲ್ವಾ?"

"ಅದೇ. ಆದ್ರೆ ಅದಲ್ಲ."

"ಅದೇ ಹಾಡು?"

"ಅದೇ."

"ಅದೇ ಹಾಡುಗಾರ?"

"ಅವನೇ."

"ಅದೇ ದಿನ ಹಾಡಿದ್ದು?"

"ಹೌದು ಕಣೇ, ಆದ್ರೆ ಇದನ್ನ ಹೋದ ತಿಂಗಳು ತೊಳೆದಿದ್ದಾರೆ!"

"ನಿಮ್ಮ ಅಂಗೀನೂ ನಾನು ಹೋದ ವಾರ ತೊಳೆದಿದ್ದೀನಿ. ಅದನ್ನ ಹೊಸ ಅಂಗಿ ಅಂತೀರಾ?"

ಟೀಚರಮ್ಮ ತೀರ್ಪು ಕೊಟ್ಟರು: "ಇನ್ನೊಂದು ಜೋಡಿ ನನ್ನ ಕಣ್ಣಿಗೆ ಬಿತ್ತೋ, ನಿಮ್ಮ ಈ ಹಾಡಿನ ಪೆಟ್ಟಿಗೆ ಮನೇಲಿರಲ್ಲ. ನನ್ನ ಶನಿವಾರದ ವ್ಯಾಯಾಮದ ಕ್ಲಾಸಿಗೆ ಹೋಗುತ್ತೆ. ಖಾಯಂ. ಅಲ್ಲಿ ಹದಿನಾಲ್ಕು ಜನರ ಮಂಡಿಗಾದ್ರೂ ಉಪಯೋಗಕ್ಕೆ ಬರಲಿ."

ಪಂಡಿತರು ಪೆಟ್ಟಿಗೆಯ ಮೇಲೆ ಕೈಯಿಟ್ಟು ಭಾಷೆ ಕೊಟ್ಟರು. ಆ ಪೆಟ್ಟಿಗೆಯೆಂದರೆ ಅವರಿಗೆ ಪ್ರಾಣ. ತೇಗದ ಮರದ ಮೈ, ಮೂಗುತಿಯಷ್ಟು ಚಿಕ್ಕ ಮುಳ್ಳು, ಹಸುಗೂಸಿನ ತಲೆ ಹಿಡಿದಂತೆ ಹಿಡಿಯಬೇಕಾದ ತೋಳು. ಆದರೆ ಭಾಷೆ ಕೊಟ್ಟ ಮೂರನೇ ದಿನವೇ ಅದರಲ್ಲೊಂದು ತೂತು ಕಾಣಿಸಿತು. "ಕಣ್ಣಿಗೆ ಬಿದ್ದರೆ" ಎಂದಳಲ್ಲವೇ? ಬೀಳದಂತೆ ನೋಡಿಕೊಂಡರಾಯಿತು!

ಅಲ್ಲಿಂದ ಶುರುವಾಯಿತು ವೇಷ ಮರೆಸುವ ಕಾರ್ಯಾಚರಣೆ. ಹೊಸ ಮರುಮುದ್ರಣ ಬಂದ ಕೂಡಲೇ ಅದರ ಕವಚ ಅಂಗಡಿಯ ಗೋದಾಮಿಗೆ. ತಟ್ಟೆ ಮಾತ್ರ ಮನೆಗೆ, ಅದೂ ಯಾವ ಮನುಷ್ಯನೂ ತೆರೆಯದ ಕವಚದೊಳಗೆ. ಸ್ಯಾಕ್ಸೋಫೋನಿನ ಜಾಝ್ ತಟ್ಟೆ "ಹಕ್ಕಿಗಳ ಕೂಗು: ಭಾಗ ಎರಡು" ಎಂಬುದರೊಳಗೆ. ಮರಳುನಾಡಿನ ಗಿಟಾರಿನವರು "ಮನೆಯಲ್ಲೇ ಟೈಪಿಂಗ್ ಕಲಿಯಿರಿ"ಯೊಳಗೆ. ಚರ್ಚಿನ ಆರ್ಗನ್ನು "ಮಗ್ಗಿ ಹಾಡುಗಳು" ಒಳಗೆ. ಹೀಗೆ ಏಳು ತಟ್ಟೆಗಳು ಏಳು ಸುಳ್ಳು ಹೆಸರಲ್ಲಿ ಮನೆಯ ಕಪಾಟಿನಲ್ಲಿ ಹಾಯಾಗಿ ಬದುಕಿದ್ದವು. ಏಳನೆಯದು ಬಂದದ್ದು ಹೋದ ಗುರುವಾರ. ಅದು ಕುಲುಮೆ ಎಂಬ ಹೆಸರಿನ ಹೆವಿ ಮೆಟಲ್ ತಂಡದ್ದು. ಅದಕ್ಕೆ ಪಂಡಿತರು ಆರಿಸಿದ್ದು ಮನೆಯಲ್ಲಿದ್ದ ಅತ್ಯಂತ ನಿರುಪದ್ರವಿ ಕವಚ: "ಮಂಡಿನೋವಿಗೆ ಮೂವತ್ತು ಲಘು ವ್ಯಾಯಾಮಗಳು".

ಅಯ್ಯೋ ಪಂಡಿತರೇ! ಹೆಂಡತಿ ಶನಿವಾರ ಶನಿವಾರ ಮಾಡುವ ಕೆಲಸವಾದರೂ ಏನು?

ಆ ಪ್ರಶ್ನೆ ಅವರಿಗೆ ಹೊಳೆದದ್ದು ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ, ಟೈಲರಜ್ಜಿ ಅಂಗಡಿಗೆ ಬಂದಾಗ. ಅರವತ್ತು ವರ್ಷ ಹೊಲಿಗೆ ಮಷೀನು ತುಳಿದು ಎರಡೂ ಮಂಡಿ ಸವೆಸಿಕೊಂಡ ಅಜ್ಜಿ. ಪಂಡಿತರು ಮಾತ್ರೆ ಎಣಿಸುತ್ತಿದ್ದರು.

"ಬೇಗ ಮುಲಾಮು ಕೊಡಪ್ಪ. ಕ್ಲಾಸಿಗೆ ಹೊತ್ತಾಯ್ತು."

"ಕೊಟ್ಟೆ ಅಜ್ಜಿ, ಹದಿನಾಲ್ಕು, ಹದಿನೈದು... ಮುಲಾಮಿನ ಜೊತೆ ಒಂದು ಅಕಾರ್ಡಿಯನ್ ತಟ್ಟೆ ಹೇಳಲಾ? ಕೀಲು ಸಡಿಲ ಆಗುತ್ತೆ."

"ನೀನೇನು ಹೇಳೋದು! ಇವತ್ತು ನಿನ್ನ ಹೆಂಡತೀನೇ ತಟ್ಟೆ ಹಾಕ್ತಾಳಂತೆ. ಕ್ಲಾಸಿನ ಟೇಪ್ ರೆಕಾರ್ಡರು ಕೆಟ್ಟೋಯ್ತಲ್ಲ, ಕ್ಲಾಸು ನಡೆಯೋ ಹಾಲ್‌ನ ಕಾವಲುಗಾರ ಯಾವುದೋ ಹಳೇ ಪ್ಲೇಯರು ಹುಡುಕಿಕೊಟ್ಟಿದ್ದಾನೆ. ದಾರೀಲಿ ಸಿಕ್ಕಿದ್ಲು, ಕಂಕುಳಲ್ಲಿ ಇಷ್ಟಗಲದ ರಟ್ಟು. ಮೇಲೆ ಮಂಡಿ ಚಿತ್ರ."

"ಹದಿನಾರು, ಹದಿನೇಳು... ಏನು ಚಿತ್ರ?"

"ಮಂಡಿ ಕಣಪ್ಪ, ಮಂಡಿ! ಕಾಲಿನ ಮಧ್ಯ ಇರುತ್ತಲ್ಲ!"

ಹದಿನೆಂಟನೇ ಮಾತ್ರೆ ನೆಲಕ್ಕೆ ಬಿತ್ತು. ಅದರ ಹಿಂದೆ ಉಳಿದ ಹದಿನೇಳೂ ಹೋದವು. ಪಂಡಿತರ ಕಾಲಿನ ಕೆಳಗೆ ಅಂಗಡಿಯೇ ಒಂದು ಅಡಿ ಕುಸಿದಂತಾಯಿತು.

ಕುಲುಮೆಯ ಆ ತಟ್ಟೆ ಹೇಗೆ ಶುರುವಾಗುತ್ತದೆಂದು ಅವರಿಗೆ ಗೊತ್ತಿತ್ತು. ಮೊದಲ ಹನ್ನೊಂದು ಸೆಕೆಂಡು ಹಾಡುಗಾರ, ಬಾಗಿಲ ಸಂದಿಗೆ ಐದೂ ಬೆರಳು ಸಿಕ್ಕವನಂತೆ ಕಿರುಚುತ್ತಾನೆ. ಆಮೇಲೆ ಎರಡು ಡ್ರಮ್ಮುಗಳು ಒಟ್ಟಿಗೆ ಮಹಡಿ ಮೆಟ್ಟಿಲಿನಿಂದ ಉರುಳಿ ಬೀಳುತ್ತವೆ. ಆಮೇಲೆ ಗಿಟಾರು, ಅದು ಕಬ್ಬಿಣ ಕೊಯ್ಯುವ ಗರಗಸ.

ಮತ್ತು ಅದನ್ನು ಕೇಳಲು ಕಾಲು ಚಾಚಿ ಕೂತವರು? ಆ ಹದಿನಾಲ್ಕೂ ಜನರ ಗುಂಡಿಗೆಯ ಸ್ಥಿತಿ ಅವರ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿದ್ದುದು ಪಂಡಿತರಿಗೆ, ಪ್ರತಿ ತಿಂಗಳು ಮಾತ್ರೆ ಕಟ್ಟಿಕೊಡುವವರು ಅವರೇ ತಾನೇ! ರೈಲಿನ ಗಾರ್ಡಾಗಿದ್ದ ಗಾರ್ಡಜ್ಜನ ಎದೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಯಂತ್ರವಿದೆ. ಅದೇ ಅವರ ಹೃದಯವನ್ನು ಬಡಿಸುತ್ತದೆ. ಬಟ್ಟೆ ಅಂಗಡಿಯ ಯಜಮಾನಿತಿಗೆ ಬಾಗಿಲು ಜೋರಾಗಿ ಹಾಕಿದರೂ ಬಿ.ಪಿ. ಏರುತ್ತದೆ. ಲೈಬ್ರರಿಯ ನಿವೃತ್ತ ಮೇಷ್ಟ್ರು ಸೀನಿದರೆ ನಾಲಿಗೆ ಕೆಳಗೆ ಮಾತ್ರೆ ಇಡಬೇಕು.

ಅದಕ್ಕಿಂತ ಭಯಂಕರವಾದದ್ದು ಆಮೇಲೆ ನೆನಪಾಯಿತು. ಚೀಟಿ! ಆ ಕವಚದೊಳಗೆ ತಾವೇ ಲೇಬಲ್ ಮಷೀನಿನಲ್ಲಿ ಅಚ್ಚು ಹಾಕಿ ಇಟ್ಟಿದ್ದ ಚೀಟಿ: "ಸಂಪೂರ್ಣ ಶಬ್ದಕ್ಕೆ ಇಟ್ಟು ಕೇಳತಕ್ಕದ್ದು. ಎದೆಯಲ್ಲಿ ನಡುಕ ಬಾರದಿದ್ದರೆ ಇನ್ನೂ ಏರಿಸಿ."

"ಕ್ಲಾಸು ಎಷ್ಟು ಗಂಟೆಗೆ ಅಜ್ಜಿ?"

"ಹತ್ತಕ್ಕೆ. ಯಾಕಪ್ಪ, ನಿನ್ನ ಮುಖ ಯಾಕೆ ಹಿಂಗೆ ಬಿಳಿಚಿಕೊಂಡಿದೆ? ಒಳ್ಳೇ ಮಾತ್ರೆ ಥರ ಆಗಿದೆ!"

ಒಳಗಿನಿಂದ ಅಂಗಡಿಯ ಯಜಮಾನರು ಕೂಗಿದರು, "ಎಲ್ಲಿಗ್ರೀ ಹೊರಟ್ರಿ? ಜನ ನಿಂತಿದ್ದಾರೆ!"

"ಎದೆಗೆ ಸಂಬಂಧಪಟ್ಟ ತುರ್ತು!" ಎಂದರು ಪಂಡಿತರು. ನಾಲಿಗೆ ಕೆಳಗಿಡುವ ಮಾತ್ರೆಯ ಪಟ್ಟಿಗಳನ್ನು ಎರಡೂ ಜೇಬಿಗೆ ತುಂಬಿಕೊಂಡು, ಬಿಳಿ ಕೋಟಿನಲ್ಲೇ ಬೀದಿಗೆ ಹಾರಿದರು.

ಕ್ಲಾಸಿನ ಹಾಲ್ ಇದ್ದದ್ದು ಮೂರು ಬೀದಿ ಆಚೆ. ಮೂರು ಬೀದಿ ಎಂದರೆ ಮಹಾ ದೂರವೇನಲ್ಲ. ಆದರೆ ತಾವೇ ಗಳಿಸಿದ ಕೀರ್ತಿಯೇ ದಾರಿಗಡ್ಡ ನಿಂತರೆ? ಮೊದಲ ತಿರುವಿನಲ್ಲೇ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದ.

"ಪಂಡಿತ್ರೇ! ನೀವು ಹೇಳಿದ ಬ್ಲೂಸ್ ಕೇಳಿದೆ. ಏನು ಗಂಟಲು, ಏನು ಗಂಟಲು! ಮುಂದಿನದ್ದು ಯಾವುದು ಹೇಳಿ?"

"ಆಮೇಲೆ!"

"ಬೆಳಿಗ್ಗೆ ಬೀದಿಗೆಲ್ಲ ಕೇಳೋ ಹಾಗೆ ನೀವೇ ತಾನೇ ಶಪಥ ಮಾಡಿದ್ದು, ಒಬ್ಬರನ್ನೂ ಬರಿಗೈಲಿ ಕಳಿಸಲ್ಲ ಅಂತ?"

"ಕಿನ್ನರಿ ಸಹೋದರಿಯರು! ಎರಡನೇ ಬದಿ!" ಎಂದು ಅರಚಿ ಓಡಿದರು.

"ಯಾವ ವರ್ಷದ ಅಚ್ಚು?" ಹಿಂದಿನಿಂದ ಕೂಗು ಬಂತು.

ಭಯದಲ್ಲಿ ಮುಳುಗಿರುವ ಮನುಷ್ಯ ಇಂಥ ಪ್ರಶ್ನೆಗೆ ತಿರುಗಿ ನೋಡುತ್ತಾನೆಯೇ? ನೋಡಿದರು! ಚಟ ಅಂಥದ್ದು! "ಮೊದಲ ಅಚ್ಚು ಬೇಡ, ಮರುಮುದ್ರಣ ತಗೋ! ಮೊದಲನೆಯದರಲ್ಲಿ ತಂಗಿಯ ದನಿ ಹೂತುಹೋಗಿದೆ!" ಎಂದು ಪೂರ್ತಿ ಹೇಳಿಯೇ ಮುಂದೆ ಓಡಿದರು. ಎರಡನೇ ಬೀದಿಯಲ್ಲಿ ಸಿಗ್ನಲ್ಲು ಕೆಂಪಾಗಿತ್ತು. ಪಕ್ಕದಲ್ಲಿ ನಿಂತ ಬ್ಯಾಂಕಿನ ಹೆಂಗಸು ಮೆಲ್ಲಗೆ ಕೇಳಿದರು, "ನಮ್ಮ ಯಜಮಾನ್ರಿಗೆ ಗೊರಕೆ ಜಾಸ್ತಿ. ಅದಕ್ಕೇನಾದ್ರೂ ತಟ್ಟೆ ಇದೆಯಾ?"

"ಇದೆ. ಅವರಿಗಲ್ಲ, ನಿಮಗೆ!" ಎಂದವರೇ ಸಿಗ್ನಲ್ಲು ಬಿಡುವ ಮೊದಲೇ ದಾಟಿದರು. ಒಂದು ಬಸ್ಸು ಅವರಿಗೆ ಬೈಯುತ್ತಾ ಹೋಯಿತು.

ಕಟ್ಟಡ ಮುಟ್ಟಿದಾಗ ಹತ್ತಕ್ಕೆ ಎರಡು ನಿಮಿಷ. ಲಿಫ್ಟಿನ ಬಾಗಿಲಿಗೆ "ಕೆಟ್ಟಿದೆ" ಎಂಬ ಬೋರ್ಡು. ಮೂರು ಮಹಡಿ! ಮಂಡಿನೋವಿನ ಕ್ಲಾಸನ್ನು ಲಿಫ್ಟು ಕೆಟ್ಟ ಕಟ್ಟಡದ ಮೂರನೇ ಮಹಡಿಯಲ್ಲಿ ಇಟ್ಟ ಪುಣ್ಯಾತ್ಮ ಯಾರೋ! ಮೊದಲ ಮಹಡಿಗೆ ಉಸಿರು ಹೋಯಿತು, ಎರಡನೆಯದಕ್ಕೆ ಒಂದು ಚಪ್ಪಲಿ. ಮೂರನೆಯದರಲ್ಲಿ ಅವರ ಕಿವಿ ಮಾತ್ರ ಕೆಲಸ ಮಾಡುತ್ತಿತ್ತು. ಕಿರುಚಾಟ ಕೇಳುತ್ತಿದೆಯೇ? ಇಲ್ಲ. ಮೌನ. ಮೌನವೆಂದರೆ ಇನ್ನೂ ಹಾಕಿಲ್ಲವೇ, ಅಥವಾ ಹಾಕಿ ಮುಗಿದು ಟೈಲರಜ್ಜಿ ಬಿಟ್ಟು ಉಳಿದ ಹದಿಮೂರು ಜನರೂ...? ಕೈ ತಾನಾಗಿ ಜೇಬಿನ ಮಾತ್ರೆ ಪಟ್ಟಿಗಳನ್ನು ಹಿಡಿಯಿತು.

ಬಾಗಿಲು ತಳ್ಳಿದರು.

ಹದಿಮೂರು ಕುರ್ಚಿ, ಹದಿಮೂರು ಮುದಿ ಜೀವ, ಎಲ್ಲ ಜೀವಂತ. ಪ್ರತಿಯೊಬ್ಬರೂ ಬಲಗಾಲು ಎದುರಿಗೆ ಚಾಚಿ ಕಾಯುತ್ತಿದ್ದರು. ಎದುರಿಗೆ ಟೀಚರಮ್ಮ. ಕರಿಯ ತಟ್ಟೆ ಆಗಲೇ ತಿರುಗುತ್ತಿತ್ತು. ಅವರ ಒಂದು ಕೈ ಮುಳ್ಳಿನ ತೋಳಿನ ಮೇಲೆ, ಇನ್ನೊಂದರಲ್ಲಿ ಆ ಚೀಟಿ.

"ಎಲ್ಲರೂ ಕೇಳಿಸ್ಕೊಳ್ಳಿ. ಕಂಪನಿಯವರು ಸೂಚನೆ ಕೊಟ್ಟಿದ್ದಾರೆ. 'ಸಂಪೂರ್ಣ ಶಬ್ದಕ್ಕೆ ಇಟ್ಟು ಕೇಳತಕ್ಕದ್ದು.' ಸರಿ, ಪೂರ್ತಿ ತಿರುಗಿಸಿದ್ದೀನಿ. 'ಎದೆಯಲ್ಲಿ ನಡುಕ ಬಾರದಿದ್ದರೆ...' ಇದೇನೋ ಉಸಿರಾಟಕ್ಕೆ ಸಂಬಂಧಪಟ್ಟಿದ್ದು. ಗಾರ್ಡಜ್ಜ, ನೀವು ಸ್ಪೀಕರಿನ ಹತ್ತಿರ ಬನ್ನಿ, ನಿಮಗೆ ಕಿವಿ ಮಂದ."

ಗಾರ್ಡಜ್ಜ ವಿಧೇಯರಾಗಿ ಕುರ್ಚಿ ಎಳೆದುಕೊಂಡು, ಎದೆಯ ಯಂತ್ರವನ್ನು ಸ್ಪೀಕರಿಗೆ ನೇರವಾಗಿ ಹಿಡಿದು ಕೂತರು.

"ನಿಲ್ಸು!" ಪಂಡಿತರ ಗಂಟಲಿನಿಂದ ಹೊರಟ ಕೂಗಿಗೆ ಕುಲುಮೆಯ ಹಾಡುಗಾರನೂ ನಾಚಬೇಕು. "ಅದು ಮಂಡಿ ಅಲ್ಲ!"

ಟೀಚರಮ್ಮ ತಿರುಗಿದರು. "ಮಂಡಿ ಅಲ್ಲದಿದ್ರೆ ಮತ್ತೇನು, ಭುಜಾನಾ? ಅಂಗಡಿ ಬಿಟ್ಟು ಇಲ್ಲೇನು ಮಾಡ್ತಿದ್ದೀರಿ? ಇನ್ನೊಂದು ಚಪ್ಪಲಿ ಎಲ್ಲಿ?"

ಈಗಲೂ ಬಚಾವಾಗುವ ದಾರಿಯಿತ್ತು. ಪಂಡಿತರು ಹಲ್ಲು ಕಿರಿದರು. "ಏನಿಲ್ಲ ಕಣೇ. ತಟ್ಟೆಗೆ ಧೂಳಾಗಿದೆ. ಕೊಡು, ಒರೆಸ್ಕೊಂಡು ಬರ್ತೀನಿ."

"ಧೂಳು ಒರೆಸೋಕೆ ಮೂರು ಬೀದಿ ಓಡಿ ಬಂದ್ರಾ? ಮನೇಲಿ ಫ್ಯಾನಿನ ಮೇಲೆ ಎರಡು ವರ್ಷದ ಧೂಳಿದೆ, ಅದಕ್ಕೊಂದು ಹೆಜ್ಜೆ ಇಡಲ್ಲ." ಎಂದು ಮುಳ್ಳನ್ನು ಇನ್ನಷ್ಟು ಕೆಳಗಿಳಿಸಿದರು.

ಮುಳ್ಳಿಗೂ ತಟ್ಟೆಗೂ ಒಂದು ಅಕ್ಕಿಕಾಳಿನಷ್ಟು ಅಂತರ. ಗಾರ್ಡಜ್ಜ ಕಣ್ಣು ಮುಚ್ಚಿ ಮುಗುಳ್ನಗುತ್ತಿದ್ದರು. ಒಂದು ಕಡೆ ತೇಗದ ಪೆಟ್ಟಿಗೆ, ಇನ್ನೊಂದು ಕಡೆ ಆ ಮುದುಕರ ಎದೆಬಡಿತ. ಪಂಡಿತರು ಎಷ್ಟಾದರೂ ಒಳ್ಳೆಯ ಮನುಷ್ಯರು.

"ಅದು ಮರುಮುದ್ರಣ!" ಎಂದು ಒದರಿಬಿಟ್ಟರು.

ಟೀಚರಮ್ಮ ತಟ್ಟೆಯನ್ನು ನಿಲ್ಲಿಸಿ, ಎತ್ತಿ, ನಡುವಿನ ಲೇಬಲ್ಲು ನೋಡಿದರು. ಅದರ ಮೇಲೆ ಹೊತ್ತಿ ಉರಿಯುತ್ತಿರುವ ಎಮ್ಮೆಯ ತಲೆಯಿತ್ತು.

"ಇದು ಎಷ್ಟನೇ ವ್ಯಾಯಾಮ ಟೀಚರ್?" ಕೇಳಿದರು ಗಾರ್ಡಜ್ಜ.

ಟೀಚರಮ್ಮ ಗಂಡನನ್ನೇ ನೋಡುತ್ತಾ ಸೀಟಿಯನ್ನು ತುಟಿಗಿಟ್ಟರು. "ಇಂಥವು ಮನೇಲಿ ಎಷ್ಟಿವೆ?"

"ಒಂದೇ ಕಣೇ."

ಪೀಂ! ಎಂದಿತು ಸೀಟಿ.

"ಎರಡು."

ಪೀಂ!

"ಮೂರು! ಹಕ್ಕಿ ಕೂಗಿನಲ್ಲಿ ಒಂದು!"

ಪೀಂ! ಪೀಂ!

"ಟೈಪಿಂಗಿನಲ್ಲಿ ಒಂದು, ಮಗ್ಗಿಯಲ್ಲಿ ಒಂದು!"

ಟೀಚರಮ್ಮ ಏಳರವರೆಗೂ ಊದುತ್ತಲೇ ಹೋದರು. ಏಳಾದ ಮೇಲೂ ಊದಿದಾಗ ಪಂಡಿತರು ಕೈ ಮುಗಿದೇಬಿಟ್ಟರು. "ಇಷ್ಟೇ ಕಣೇ, ನಿಜವಾಗ್ಲೂ ಇಷ್ಟೇ! ಇನ್ನು ಊದಿದ್ರೆ ಸುಳ್ಳು ಲೆಕ್ಕ ಹೇಳಬೇಕಾಗುತ್ತೆ!"

ಅಷ್ಟರಲ್ಲಿ ಟೈಲರಜ್ಜಿ ಏದುಸಿರು ಬಿಡುತ್ತಾ ಮೇಲೆ ಬಂದರು. ಕೈಯಲ್ಲಿ ಎರಡನೇ ಮಹಡಿಯಲ್ಲಿ ಸಿಕ್ಕ ಚಪ್ಪಲಿ. "ಮುಲಾಮು ಕೊಡದೇ ಓಡಿಬಂದೆಯಲ್ಲಪ್ಪ! ಏನಾಯ್ತು, ಯಾರಾದ್ರೂ ಹೋದ್ರಾ?"

"ಇನ್ನೂ ಇಲ್ಲ. ಈಗ ಹೋಗುತ್ತೆ." ಎಂದರು ಟೀಚರಮ್ಮ ತಣ್ಣಗೆ. "ಪೆಟ್ಟಿಗೆ. ಇವತ್ತೇ."

ಮುದುಕರ ಎದೆಗೆಂದು ತಂದ ಮಾತ್ರೆ ತಮಗೇ ಬೇಕಾಗಬಹುದೆಂದು ಪಂಡಿತರಿಗೆ ಅನಿಸಿತು. ಆ ಗಾಬರಿಯಲ್ಲಿ ಅವರು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಟೈಲರಜ್ಜಿ ಮುಗ್ಧವಾಗಿ ಕೇಳಿದರು, "ಅಲ್ಲಪ್ಪ, ಒಂದೇ ಹಾಡಿಗೆ ಎರಡು ತಟ್ಟೆ ಯಾಕೆ? ಒಂದು ಒಗೆಯೋಕೆ ಹಾಕಿದಾಗ ಇನ್ನೊಂದು ಉಡೋಕಾ?"

ಹದಿಮೂರು ಜನ ಕಿಸಕ್ಕೆಂದರು. ಪಂಡಿತರ ರಕ್ತ ಕುದಿಯಿತು.

"ಒಂದೇ ಅಂತ ಯಾರು ಹೇಳಿದ್ರು? ಆಕಾಶಕ್ಕೂ ಭೂಮಿಗೂ ಇರೋ ವ್ಯತ್ಯಾಸ ಅಜ್ಜಿ! ಹಳೇದ್ರಲ್ಲಿ ಸ್ಯಾಕ್ಸೋಫೋನು ಪಕ್ಕದ ಮನೇಲಿ ಊದಿದ ಹಾಗಿದೆ. ಹೊಸದ್ರಲ್ಲಿ ಅವನು ನಿಮ್ಮ ತೊಡೆ ಮೇಲೆ ಕೂತು ಊದ್ತಾನೆ! ಕಣ್ಣು ಕಟ್ಟಿ ಕೂರಿಸಿ ನನ್ನನ್ನ. ಯಾವುದು ಹಾಕಿದ್ರೂ ಹಳೇದೋ ಹೊಸದೋ ಹೇಳ್ತೀನಿ! ಒಂದೇ ಒಂದು ತಪ್ಪಿದ್ರೆ ಪೆಟ್ಟಿಗೆ ನಾನೇ ಹೊತ್ತು ತಂದು ಇಲ್ಲಿಡ್ತೀನಿ!"

ಹೇಳಿ ಮುಗಿದ ಮೇಲೆ ಎದೆಯೊಳಗೆ ಏನೋ ಸಣ್ಣಗೆ ಬಿರುಕು ಬಿಟ್ಟ ಸದ್ದಾಯಿತು. ಇದುವರೆಗೆ ಕಣ್ಣು ಕಟ್ಟಿಕೊಂಡು ಅವರು ಒಂದು ಸಲವೂ ಕೇಳಿ ನೋಡಿರಲಿಲ್ಲ. ಯಾವಾಗಲೂ ಮೊದಲು ಬಂಗಾರದ ಸ್ಟಿಕ್ಕರು ನೋಡಿಯೇ ಕೇಳಿದ್ದು.

"ಎಲ್ಲ ಸರಿಯಾದ್ರೆ?" ಕೇಳಿದರು ಗಾರ್ಡಜ್ಜ.

"ಏಳೂ ಮನೇಲಿರಲಿ, ಪೆಟ್ಟಿಗೇನೂ ಇರಲಿ. ನಾನು ಜನ್ಮದಲ್ಲಿ ಈ ವಿಷಯ ಎತ್ತಲ್ಲ." ಎಂದರು ಟೀಚರಮ್ಮ. "ನೀವೆಲ್ಲ ಸಾಕ್ಷಿ. ಏಳಿ, ಇವತ್ತಿನ ವ್ಯಾಯಾಮ ನಮ್ಮನೆವರೆಗೆ ನಡಿಗೆ. ಎಡ, ಬಲ!"

ಆ ಬೀದಿ ಅಂಥ ಮೆರವಣಿಗೆಯನ್ನು ಎಂದೂ ನೋಡಿರಲಿಲ್ಲ. ಮುಂದೆ ಸೀಟಿ ಊದುವ ಟೀಚರಮ್ಮ, ಹಿಂದೆ ಹದಿನಾಲ್ಕು ಮಂಡಿನೋವು, ನಡುವೆ ಬಿಳಿ ಕೋಟು ತೊಟ್ಟ ಕೈದಿ. ಕ್ಷೌರದಂಗಡಿಯವನು ಅರ್ಧ ಸೋಪು ಹಚ್ಚಿದ ಗಿರಾಕಿಯ ಜೊತೆ ಹೊರಗೆ ಬಂದು ನೋಡಿದ. "ಪಂಡಿತ್ರೇ, ಏನು ವಿಶೇಷ?" ಪಂಡಿತರು ಅವನಿಗೆ ಯಾವ ತಟ್ಟೆಯನ್ನೂ ಹೇಳಲಿಲ್ಲ.

ಪಂಡಿತರ ಹಾಡಿನ ಕೋಣೆ ಚಿಕ್ಕದು. ನಾಲ್ಕು ಜನ ಮಂಚದ ಮೇಲೆ, ಇಬ್ಬರು ಕಿಟಕಿಯ ಕಟ್ಟೆಯ ಮೇಲೆ, ಉಳಿದವರು ಕಪಾಟಿಗೆ ಒರಗಿ ನಿಂತರು. ಲೈಬ್ರರಿ ಮೇಷ್ಟ್ರು ತಟ್ಟೆಗಳನ್ನು ನೋಡಿ, "ಅಕ್ಷರಮಾಲೆ ಪ್ರಕಾರ ಜೋಡಿಸಿಲ್ಲ!" ಎಂದು ನೊಂದುಕೊಂಡರು. ಹಕ್ಕಿ ಕೂಗಿನ ಕವಚದಿಂದ ಹೊಸ ಸ್ಯಾಕ್ಸೋಫೋನು ಹೊರಬಂತು. ಪಕ್ಕದಲ್ಲೇ ಹಳೆಯದೂ ಬಂದು ಕೂತಿತು. ಪರೀಕ್ಷೆಗೆ ಪಂಡಿತರೇ ಆರಿಸಿದ ತಟ್ಟೆ. ಅದರ ಒಂದೊಂದು ಉಸಿರೂ ತಮಗೆ ಬಾಯಿಪಾಠವೆಂದು ಸಾವಿರ ಜನರಿಗೆ ಹೇಳಿದ್ದರು.

"ಗೋಡೆ ಕಡೆ ಮುಖ ಮಾಡಿ." ಎಂದರು ಟೀಚರಮ್ಮ. ಕಣ್ಣು ಕಟ್ಟಲು ಬಟ್ಟೆ ಹುಡುಕುತ್ತಿದ್ದಾಗ ಗಾರ್ಡಜ್ಜ ತಮ್ಮ ಮಂಡಿಪಟ್ಟಿಯನ್ನೇ ಬಿಚ್ಚಿಕೊಟ್ಟರು. ಬಿಸಿಬಿಸಿಯಾಗಿತ್ತು. ನೋವಿನ ಮುಲಾಮಿನ ಘಾಟು ನೇರವಾಗಿ ಮೆದುಳಿಗೇರಿತು.

"ಆರು ಸಲ ಮುಳ್ಳು ಇಡ್ತೀನಿ. ಪ್ರತಿ ಸಲ ಹಳೇದೋ ಹೊಸದೋ ಹೇಳಿ. ಸರೀನಾ?"

"ಸ... ಸರಿ."

ಕತ್ತಲೆಯಲ್ಲಿ ಕವಚ ಸರಸರ ಎಂದಿತು. ಕಟಕ್ ಎಂದಿತು ತೋಳು. ಸ್ಯಾಕ್ಸೋಫೋನು ಮೆಲ್ಲಗೆ ಎದ್ದಿತು. ಪಂಡಿತರು ಕಿವಿಯನ್ನೇ ಕಣ್ಣು ಮಾಡಿಕೊಂಡು ಕೇಳಿದರು. ಚೆನ್ನಾಗಿತ್ತು. ಎಂದಿನಂತೆ ಚೆನ್ನಾಗಿತ್ತು. ಅದೇ ಸಮಸ್ಯೆ! ಯಾವುದಿದು?

"ಹಳೇದು." ಎಂದರು. ಯಾರೂ ಮಾತಾಡಲಿಲ್ಲ. ಆ ಮೌನವನ್ನು ಒಪ್ಪಿಗೆಯೆಂದುಕೊಂಡು ಧೈರ್ಯ ತಂದುಕೊಂಡರು. "ಕೇಳಿ, ತಬಲಾ... ಅಲ್ಲ, ಡ್ರಮ್ಮು ಮಂಕಾಗಿದೆ. ಕಂಬಳಿ ಹೊದ್ದ ಹಾಗೆ."

ಮತ್ತೆ ಸರಸರ. ಮತ್ತೆ ಕಟಕ್.

"ಹಾಂ! ಹೊಸದು! ಈಗ ಕಂಬಳಿ ತೆಗೆದ್ರು ನೋಡಿ!"

ಮೂರನೇ ಸಲ: "ಇದೂ ಹೊಸದೇ. ಮೋಸ ಮಾಡೋಕೆ ಎರಡು ಸಲ ಅದನ್ನೇ ಹಾಕಿದ್ದೀಯ. ಅವನು ಉಸಿರು ತಗೊಳ್ಳೋದು ಕೇಳ್ತಿದೆಯಾ? ಅದು ಹಳೇದ್ರಲ್ಲಿ ಇಲ್ವೇ ಇಲ್ಲ!"

ಮಂಚದ ಕಡೆಯಿಂದ ಯಾರೋ ಮೂಗಿನಲ್ಲಿ ನಕ್ಕಂತಾಯಿತು. ಯಾರೋ ಅವರನ್ನು ತಿವಿದಂತಾಯಿತು. ಯಾಕೆ ನಕ್ಕರು? ತಪ್ಪಿತೇ? ನಾಲ್ಕನೇ ಸಲಕ್ಕೆ ಅವರಿಗೆ ಸ್ಯಾಕ್ಸೋಫೋನೂ ಕೇಳಿಸಲಿಲ್ಲ, ತಮ್ಮ ಗುಂಡಿಗೆ ಮಾತ್ರ ಕೇಳಿಸಿತು. ಅದು ಮಾತ್ರ ಖಂಡಿತ ಹಳೆಯ ಅಚ್ಚು, ಗರಗರ ಸಮೇತ! "ಹಳೇದು," ಎಂದರು ಸಣ್ಣ ದನಿಯಲ್ಲಿ. "ಸೂಕ್ಷ್ಮ ಇದೆ. ಹೇಳಿದ್ರೆ ಅರ್ಥ ಆಗಲ್ಲ."

ಐದಕ್ಕೆ ಹೊಸದು. ಆರಕ್ಕೆ ಹಣೆಯನ್ನು ಗೋಡೆಗೆ ಆನಿಸಿ, "ಹಳೇದು" ಎಂದರು. "ಖಂಡಿತ. ಇದಕ್ಕೆ ನನ್ನ ತಲೆ ಕೊಡ್ತೀನಿ."

"ತಲೆ ಬೇಡ, ಪಟ್ಟಿ ಕೊಡಿ. ಗಾರ್ಡಜ್ಜನಿಗೆ ಕಾಲು ಎಳೀತಿದೆ."

ಪಂಡಿತರು ಕಣ್ಣು ಬಿಚ್ಚಿದರು. ಹದಿನಾಲ್ಕು ಮುಖಗಳೂ ಕೆಂಪಾಗಿದ್ದವು. ಬಟ್ಟೆ ಅಂಗಡಿಯ ಯಜಮಾನಿತಿ ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಪೆಟ್ಟಿಗೆಯ ಮೇಲೆ ಒಂದು ತಟ್ಟೆ ತಿರುಗುತ್ತಿತ್ತು. ಇನ್ನೊಂದು ತಟ್ಟೆ ಎಲ್ಲಿ? ಅದು ಟೈಲರಜ್ಜಿಯ ಮಡಿಲಲ್ಲಿತ್ತು. ಅಜ್ಜಿ ಅದರ ಮೇಲೆ ಎರಡೂ ಕೈಯಿಟ್ಟು ಮೊಟ್ಟೆಯ ಮೇಲೆ ಕೂತ ಕೋಳಿಯಂತೆ ಕೂತಿದ್ದರು.

"ಅಜ್ಜಿ, ಅದು ಯಾವಾಗ ನಿಮ್ಮ ಹತ್ತಿರ ಬಂತು?"

"ನಿನ್ನ ಕಣ್ಣು ಕಟ್ಟಿದಾಗಲೇ ಬಂತಪ್ಪ. ಆಗಿನಿಂದ ಇಲ್ಲೇ ಇದೆ."

"ಅಂದ್ರೆ... ಆರೂ ಸಲ...?"

"ಒಂದೇ ತಟ್ಟೆ." ಎಂದರು ಟೀಚರಮ್ಮ. "ಖಾಲಿ ಕವಚ ಸರಸರ ಅನ್ನಿಸಿದೆ, ಅಷ್ಟೇ."

"ಮೋಸ! ನೀನು ಬದಲಾಯಿಸ್ತೀನಿ ಅಂದೆ!"

"ಎಲ್ಲಿ ಅಂದೆ? ಮುಳ್ಳು ಇಡ್ತೀನಿ ಅಂದೆ. ಇಟ್ಟೆ. ಕಂಬಳಿ ಹೊದಿಸಿದ್ದೂ ನೀವೇ, ತೆಗೆದಿದ್ದೂ ನೀವೇ."

"ಮೂರು ಸಲ ಹಳೇದು, ಮೂರು ಸಲ ಹೊಸದು ಅಂದಿದ್ದೀರಿ." ಗಾರ್ಡಜ್ಜ ಸಮಾಧಾನ ಹೇಳಿದರು. "ಯಾವುದೇ ಇರ್ಲಿ, ಮೂರಂತೂ ಸರಿ! ನಿಜ ಹೇಳಲಾ, ನೀವು ಹೇಳಿದ ಮೇಲೆ ಆ ಉಸಿರು ನನಗೂ ಕೇಳಿಸ್ತು ಕಣ್ರೀ."

ಪಂಡಿತರು ಇಂಗು ತಿಂದ ಮಂಗನಂತೆ ನಿಂತರು. ಕೊನೆಗೆ, ಕೇಳಬಾರದೆಂದುಕೊಂಡರೂ ತಡೆಯಲಾಗದೆ, ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಕೇಳಿದರು, "ಅದು ಹೊಸದಾ, ಹಳೇದಾ?"

"ನನಗೇನು ಗೊತ್ತು? ಎರಡೂ ಒಂದೇ ಥರ ಇದ್ವು. ಕೈಗೆ ಸಿಕ್ಕಿದ್ದು ಹಾಕಿದೆ."

ಆಡಿದ ಮಾತಿಗೆ ತಪ್ಪಲಿಲ್ಲ, ಅಷ್ಟರಮಟ್ಟಿಗೆ ಪಂಡಿತರನ್ನು ಮೆಚ್ಚಬೇಕು. ತೇಗದ ಪೆಟ್ಟಿಗೆಯನ್ನು ಹಸುಗೂಸಿನಂತೆ ಅವಚಿಕೊಂಡು, ಮೂರು ಬೀದಿ ನಡೆದು, ಮೂರು ಮಹಡಿ ಏರಿ, ಕ್ಲಾಸಿನ ಮೇಜಿನ ಮೇಲೆ ತಾವೇ ಇಟ್ಟು ಬಂದರು. ಮನೆಯಲ್ಲಿ ಆ ವಾರ ಗೋಡೆ ಗಡಿಯಾರ ಬಿಟ್ಟರೆ ಬೇರೇನೂ ಹಾಡಲಿಲ್ಲ. ಬುಧವಾರದ ಹೊತ್ತಿಗೆ ಪಂಡಿತರು ಪ್ರೆಶರ್ ಕುಕ್ಕರಿನ ಎದುರು ಸ್ಟೂಲು ಹಾಕಿಕೊಂಡು ಕೂರಲು ಶುರುಮಾಡಿದ್ದರು. ಶುಕ್ರವಾರ ಹೆಂಡತಿಯ ಬಳಿ ಮೆಲ್ಲಗೆ ಅಹವಾಲು ಸಲ್ಲಿಸಿದರು.

"ನಿನ್ನ ಕ್ಲಾಸಿಗೆ ಬಂದು ಮೂಲೇಲಿ ಕೂತು ಕೇಳ್ಲಾ?"

"ಬನ್ನಿ. ಆದ್ರೆ ಅಲ್ಲಿ ಸುಮ್ನೆ ಕೂರೋ ಹಾಗಿಲ್ಲ. ಕುರ್ಚಿ ಹಿಡಿದವರು ಕಾಲು ಎತ್ತಬೇಕು."

ಹೀಗೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಂಡಿತರು ಹದಿನೈದನೇ ಕುರ್ಚಿಯಲ್ಲಿದ್ದರು. ಬಲಗಾಲು ಮುಂದಕ್ಕೆ. ಪಕ್ಕದಲ್ಲಿ ಟೈಲರಜ್ಜಿಯ ಕಾಲು ಅವರಿಗಿಂತ ಒಂದು ಗೇಣು ಮೇಲಿತ್ತು. ಮೇಜಿನ ಮೇಲಿನ ಪೆಟ್ಟಿಗೆ ಅವರನ್ನು ನೋಡಿಯೂ ಗುರುತು ಸಿಗದಂತೆ ಕೂತಿತ್ತು.

"ಮೇಲೆತ್ತಿ! ಇನ್ನೂ ಮೇಲೆ! ಹಾಗೇ ಹಿಡಿದಿರಿ, ತಟ್ಟೆ ಹಾಕೋವರೆಗೂ ಇಳಿಸಬಾರದು!" ಎಂದ ಟೀಚರಮ್ಮ ಗಂಡನ ಕಡೆ ತಿರುಗಿದರು. "ಇವತ್ತು ಯಾವ ತಟ್ಟೆ ಹಾಕ್ಲಿ? ನೀವೇ ಶಿಫಾರಸು ಮಾಡಿ."

ಪಂಡಿತರ ಮುಖ ಅರಳಿತು. ಎಷ್ಟು ವರ್ಷಗಳಿಂದ ಈ ಮಾತಿಗೆ ಕಾದಿದ್ದರೋ! "ಸ್ಯಾಕ್ಸೋಫೋನ್! ಮೊದಲ ಬದಿ, ಎರಡನೇ ಹಾಡು. ಮಂಡಿಗೆ ಅಮೃತ!"

ಟೀಚರಮ್ಮ ಚೀಲದಿಂದ ಎರಡು ತಟ್ಟೆ ತೆಗೆದರು. ಒಂದು ಈ ಕೈಯಲ್ಲಿ, ಒಂದು ಆ ಕೈಯಲ್ಲಿ. ಬಹಳ ವಿನಯದಿಂದ ಕೇಳಿದರು, "ಹಳೇದಾ, ಹೊಸದಾ?"

ಹಾಲ್‌ನಲ್ಲಿ ಹದಿನೈದು ಕಾಲುಗಳು ಗಾಳಿಯಲ್ಲಿದ್ದವು. ಹದಿನಾಲ್ಕು ತಲೆಗಳು ಒಟ್ಟಿಗೆ ಪಂಡಿತರತ್ತ ತಿರುಗಿದವು. ಪಂಡಿತರು ಬಲಗಡೆಯ ತಟ್ಟೆ ನೋಡಿದರು, ಎಡಗಡೆಯದು ನೋಡಿದರು, ಗಡಗಡ ನಡುಗುತ್ತಿದ್ದ ತಮ್ಮ ಮಂಡಿಯನ್ನು ನೋಡಿದರು.

"ಯಾವುದು ಹತ್ತಿರ ಇದೆಯೋ ಅದನ್ನೇ ಹಾಕೇ, ತಾಯಿ! ಕಾಲು ಬಿದ್ದೋಗ್ತಿದೆ!"